ಅಕ್ಕ ಹೊಡೆದಿಟ್ಟ ಮೊಳೆ

ನಮ್ಮ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಆಕೆಯನ್ನು ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಅರ್ಧಚಂದ್ರಮ್ಮ. ಚಿಕ್ಕಂದಿನಲ್ಲಿ ಕುದಿಯುವ ಗಂಜಿ ಬಿದ್ದು ಎಡಗೆನ್ನೆ ಸುಟ್ಟು ಮುದುರಿಹೋಗಿತ್ತು. ಬಲಗೆನ್ನೆ ಮಾತ್ರ ಆಗತಾನೇ ಇಸ್ತ್ರಿ ಮಾಡಿದಷ್ಟು ನುಣುಪು. ಬಟ್ಟೆ ಕೊಡುವಾಗ ಆಕೆ ಆ ಕೆನ್ನೆಯನ್ನೇ ನಮ್ಮತ್ತ ಮಾಡಿ ನಿಲ್ಲುತ್ತಿದ್ದಳು. ಅಂಗಿಯ ಕಾಲರನ್ನು ಆಕೆಯಷ್ಟು ನೆಟ್ಟಗೆ ಕೂರಿಸುವವರನ್ನು ನಾನು ಮತ್ತೆ ಕಾಣಲಿಲ್ಲ.

ಆಕೆ ಇದ್ದದ್ದು ತನ್ನ ಅಣ್ಣನ ಮನೆಯಲ್ಲಿ. ನಡುಮನೆಯ ಗೋಡೆಯ ತುಂಬ ಮನೆಮಂದಿಯ ಫೋಟೋಗಳು. ಯಾವುದರಲ್ಲೂ ಆಕೆ ಇಲ್ಲ. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಅತ್ತಿಗೆ ತನ್ನ ಕೈಚೀಲವನ್ನು ಆಕೆಗೆ ಕೊಟ್ಟು, "ಇದನ್ನ ಹಿಡ್ಕೊಂಡು ಆ ಕಡೆ ನಿಂತ್ಕೊಳಮ್ಮ. ನೀನು ಬಂದ್ರೆ ಫೋಟೋನೇ ಸುಟ್ಟುಹೋಗುತ್ತೆ" ಎಂದು ನಗುವಳು. ಅಣ್ಣನೂ ನಗುವನು. ಆ ಗೋಡೆಯ ಮೇಲೆ ತನ್ನದೊಂದು ಚಿತ್ರ, ಬಲಗೆನ್ನೆಯದು, ಇರಬೇಕು. ಆಕೆಯ ಆಸೆ ಅಷ್ಟೇ.

ಬಣ್ಣ ಮೆತ್ತಿದ ಅಂಗಿಗಳನ್ನು ತರುತ್ತಿದ್ದ ಚಿತ್ರಕಾರನೊಬ್ಬ ಒಂದು ದಿನ, "ಅಕ್ಕ, ನಿಮ್ಮ ಮುಖ ಬರೀಬೇಕು" ಎಂದ.

"ತಮಾಷೆಗೆ ಬೇರೆ ಯಾರೂ ಸಿಗಲಿಲ್ವಾ ಸಾರ್?"

"ತಮಾಷೆ ಅಲ್ಲ. ನಿಮಗೂ ಒಂದು ಪ್ರತಿ ಕೊಡ್ತೀನಿ, ಫ್ರೇಮ್ ಹಾಕ್ಸಿ."

ಆಕೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಈ ಕೆನ್ನೆ ಮಾತ್ರ ಬರೀತೀರಾ?"

"ನನ್ನ ಕಣ್ಣಿಗೆ ಕಂಡಿದ್ದನ್ನ ಮಾತ್ರ ಬರೀತೀನಿ."

ಆ ಸಂಜೆಯೇ ಆಕೆ ನಡುಮನೆಯ ಗೋಡೆಗೆ ಮೊಳೆ ಹೊಡೆದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ" ಎಂದು ಅಣ್ಣ ಆಡಿಕೊಂಡ.

ರಜೆಯ ದಿನಗಳಲ್ಲಿ ಆಕೆ ಅವನ ಕೋಣೆಗೆ ಹೋಗಿ, ಬಲಗೆನ್ನೆಯನ್ನು ಅವನತ್ತ ಮಾಡಿ, ಕತ್ತು ನೋಯುತ್ತಿದ್ದರೂ ಅಲುಗದೆ ಕೂರುತ್ತಿದ್ದಳು. ಆಕೆಯ ಆಚೆ ಬದಿಯ ಗೋಡೆಗೆ ದೊಡ್ಡದೊಂದು ಕನ್ನಡಿಯನ್ನು ಒರಗಿಸಿತ್ತು. ಬರೆದುದರ ಸೊಟ್ಟ ತಿಳಿಯಲು ಚಿತ್ರಕಾರರು ಅದರಲ್ಲಿ ನೋಡುತ್ತಾರಂತೆ. ಕನ್ನಡಿಯತ್ತ ಕಣ್ಣು ಹಾಯಿಸುವ ಅಭ್ಯಾಸ ಆಕೆಗೆ ಎಂದೋ ತಪ್ಪಿಹೋಗಿತ್ತು.

ಇದ್ದಿಲು, ಎಣ್ಣೆಬಣ್ಣ, ಹರಿದ ಕಾಗದ, ದಾರ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕ್ಯಾನ್ವಾಸಿಗೆ ಮೆತ್ತಿ ಮುಖ ಮಾಡುವವನು ಅವನು. ಒಮ್ಮೆ, "ಇಸ್ತ್ರಿ ಮೇಜಿಗೆ ಹಾಸ್ತೀರಲ್ಲ, ಆ ಹಳೇ ಬಟ್ಟೆ ಕೊಡಿ" ಎಂದು ಕೇಳಿದ. ಕುಂಚ ಒರೆಸಲಿಕ್ಕಿರಬೇಕೆಂದು ಆಕೆ ಕಂದುಗಟ್ಟಿದ ಬಟ್ಟೆಯನ್ನು ಒಗೆದು, ಮಡಿಸಿ ಕೊಟ್ಟಳು. ಚಿತ್ರವನ್ನು ಮಾತ್ರ ಅವನು ಮುಗಿಯುವ ತನಕ ತೋರಿಸಲಿಲ್ಲ.

ಅವನ ಚಿತ್ರಪ್ರದರ್ಶನಕ್ಕೆ ಆಕೆ ಮನೆಯವರನ್ನೆಲ್ಲ ಕರೆದಳು, ನನ್ನನ್ನೂ ಕರೆದಳು. ಒಳಗೆ ಹೋದೆವು. ಎದುರಿಗೆ ಆಳೆತ್ತರದ ಎಡಗೆನ್ನೆ! ಆ ಹಾಸುಬಟ್ಟೆಯನ್ನೇ ಮುದುರಿ ಅಂಟಿಸಿ, ಅದರ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಒತ್ತಿ ಸುಟ್ಟಿದ್ದ. ಬಲಗೆನ್ನೆಯ ಜಾಗದಲ್ಲಿ ಇದ್ದಿಲಿನದೊಂದು ಗೆರೆ. ಜನರು ಸುಟ್ಟ ಬಟ್ಟೆಯನ್ನು ಬೆರಳಿಟ್ಟು ಮುಟ್ಟಿ, ಆಮೇಲೆ ಆಕೆಯತ್ತ ತಿರುಗಿ ಹೋಲಿಸಿ ನೋಡುತ್ತಿದ್ದರು.

"ನಾನು ಈ ಕಡೆ ತಿರುಗಿ ಕೂತಿದ್ನಲ್ಲ ಸಾರ್..."

"ಕನ್ನಡೀಲಿ ಚೆನ್ನಾಗಿ ಕಾಣ್ತಿತ್ತಲ್ಲ ಅಕ್ಕ. ಆ ನುಣುಪು ಕೆನ್ನೆ ಯಾರಿಗೆ ಬೇಕು ಹೇಳಿ? ಅದು ಎಲ್ಲರಿಗೂ ಇರುತ್ತೆ" ಎಂದು ಅವನು ಅಕ್ಕರೆಯಿಂದಲೇ ಹೇಳಿದ.

ಅಷ್ಟರಲ್ಲಿ ಅತ್ತಿಗೆ, "ಅಯ್ಯೋ, ಥೇಟ್ ನೀನೇ ಕಣೇ!" ಎಂದು ಚಪ್ಪಾಳೆ ತಟ್ಟಿದಳು. "ರೀ, ಬನ್ನಿ ಎಲ್ಲಾರೂ, ಇದರ ಮುಂದೆ ಒಂದು ಫೋಟೋ ತೆಗೆಸ್ಕೊಳೋಣ." ಸಾಲಾಗಿ ನಿಂತರು. ಆಕೆಯೂ ಒಂದು ಹೆಜ್ಜೆ ಮುಂದಿಟ್ಟಳು. ಅತ್ತಿಗೆ ಕೈಚೀಲವನ್ನು ಚಾಚಿದಳು. "ಹಿಡ್ಕೊ ಇದನ್ನ. ಒಂದು ಫೋಟೋಗೆ ಇಬ್ಬರು ನೀನು ಯಾಕೆ?"

ಫ್ರೇಮ್ ಹಾಕಿಸಿದ ಪ್ರತಿಯನ್ನು ತರಲು ಆಕೆ ಹೋಗಲಿಲ್ಲ.

ಕೆಲವು ತಿಂಗಳ ಮೇಲೆ ಅವರ ಮನೆಗೆ ಹೋಗಿದ್ದೆ. ಆಕೆ ಹೊಡೆದಿದ್ದ ಮೊಳೆಯಲ್ಲಿ ಆ ಪ್ರದರ್ಶನದ ಫೋಟೋ ತೂಗುತ್ತಿತ್ತು. ಮನೆಮಂದಿ ನಗುತ್ತ ನಿಂತಿದ್ದಾರೆ. ಅವರ ತಲೆಗಳ ಮೇಲೆ ಸುಟ್ಟ ಕೆನ್ನೆ.

"ನೋಡಿ ಮೇಷ್ಟ್ರೇ," ಎಂದಳು ಅತ್ತಿಗೆ, "ಗೋಡೆ ಮೇಲೆ ಬರ್ಬೇಕು, ಬರ್ಬೇಕು ಅಂತಿದ್ಲು. ಬಂದ್ಲು."

ಆಕೆ ನನಗೆ ಕುಡಿಯಲು ನೀರು ತಂದಳು. ಲೋಟ ಕೊಡುವಾಗ ಎಂದಿನಂತೆ ಬಲಗೆನ್ನೆಯನ್ನೇ ನನ್ನತ್ತ ಮಾಡಿಕೊಂಡಳು.