ನಿಪ್ಪಾಣಿಯಿಂದ ಕಾಗವಾಡಕ್ಕೆ, ಸೈಕಲ್ಲಿನ ಮೇಲೆ

ಶೇಕ, ಅಂದರೆ ರೇಡಿಯೇಶನ್, ಕೊಡುವ ಕೋಣೆಯಲ್ಲಿ ಅಲುಗಾಡದೆ ಮಲಗಬೇಕಿತ್ತು. ಯಂತ್ರವನ್ನು ಎದೆಯ ಎಡಭಾಗಕ್ಕೆ ಹೊಂದಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಹೋಗುತ್ತಿದ್ದರು. ಆ ಕೆಲವು ನಿಮಿಷ ನಾನು ಕಣ್ಣು ಮುಚ್ಚಿ ಸೈಕಲ್ ಹೊಡೆಯುತ್ತಿದ್ದೆ. ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ಲಿನ ನಡುವೆ ಕಾಲು ತೂರಿಸಿ ಏಕಸಂಬಿಯ ಹಾದಿಯಲ್ಲಿ ಕಲಿತದ್ದು. ಎರಡೂ ಕಡೆ ಹೂಬಿಟ್ಟ ಕಬ್ಬು, ಅದರ ಮೇಲೆ ಬಿಳಿ ಮಂಜು. ಗಾಲಿ ನೆಲಕ್ಕೆ ತಾಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆದು ಸಿಸ್ಟರ್ ಕರೆಯುತ್ತಿದ್ದರು: "ಮುಗೀತ್ರಿ ಅಕ್ಕಾರ, ಏಳ್ರಿ."

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನು ಚಿಕ್ಕೋಡಿಯ ಸಾಲಿಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮೂವತ್ತೆಂಟು ವಯಸ್ಸು. ಒಂದು ಮೊಲೆ ತೆಗೆದಿದ್ದರು. ಮನೆಯಲ್ಲಿ ಯಾರೂ ಆ ರೋಗದ ಹೆಸರು ಎತ್ತುತ್ತಿರಲಿಲ್ಲ. ಓಣಿಯವರು ಕೇಳಿದರೆ ಅತ್ತೆ, "ಹೊಟ್ಟಿಬ್ಯಾನಿ, ಮಿರಜಕ್ಕ ಹೋಗ್ಯಾಳ" ಎಂದು ಮಾತು ಮುಗಿಸುತ್ತಿದ್ದರು.

ಮಿರಜದ ದವಾಖಾನೆಯ ಬಾಕಿನ ಮೇಲೆ ದಿನಾ ನನ್ನ ಪಕ್ಕ ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸೊಬ್ಬಳು ಕೂಡುತ್ತಿದ್ದಳು. ಅವಳಿಗೆ ಗಂಟಲಿನದು. ನಸುಕಿನ ಬಸ್ಸಿಗೆ ಬಂದು, ಶೇಕ ತಗೊಂಡು, ಸಂಜೆ ಮತ್ತೆ ಬಸ್ಸು ಹಿಡಿಯಬೇಕು. ಮಾತಾಡಲು ಆಗದ ಕಾರಣ ನನ್ನ ಕೈಮೇಲೆ ಕೈ ಇಟ್ಟು ಸುಮ್ಮನೆ ಕೂಡುತ್ತಿದ್ದಳು. ಅವಳ ಬೆರಳಿಗೆ ತಂಬಾಕಿನ ವಾಸನೆ. ಒಂದು ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ.

"ಶೇಕ ನಡುವ ಬಿಟ್ಟಾರ್ರಿ," ಎಂದರು ಸಿಸ್ಟರ್. "ಇಲ್ಲೆ ಇರಾಕ ಜಾಗ ಇಲ್ಲ. ದಿನಾ ಅಷ್ಟು ದೂರದಿಂದ ಹೆಂಗ ಬರತಾರ?"

ನನಗೆ ಗುಣವಾಯಿತು. ಇಂಜೆಕ್ಷನ್ನಿಗೆ ಉದುರಿದ್ದ ಕೂದಲು ಮತ್ತೆ ಬಂತು, ಸಾಲಿಗೂ ಹೋದೆ. ಚಳಿಗಾಲಕ್ಕೆ ನಿಪ್ಪಾಣಿಯಲ್ಲಿ ಅವಳ ಓಣಿ ಹುಡುಕಿಕೊಂಡು ಹೋದೆ. ದೀಪಾವಳಿಗೆ ಮುಂಚೆಯೇ ತೀರಿಕೊಂಡಿದ್ದಳು.

ಅವತ್ತು ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ: "ಮಿರಜದಾಗ ನಮ್ಮ ಕಡೆ ಮಂದೀಗೆ ಒಂದು ಖೋಲಿ ಹಿಡಿಯೂಣು. ಸೈಕಲ್ ಮ್ಯಾಲೆ ಊರೂರು ಹೋಗಿ ರೊಕ್ಕ ಕೇಳೂಣು."

ಅವರು ಎರಡು ದಿನ ಬಿಟ್ಟು ಒಂದು ಹಳೇ ಲೇಡೀಸ್ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದರು. ಅತ್ತೆ ಅದನ್ನು ನೋಡಿ ಮೆಲ್ಲಗೆ ಕೇಳಿದರು: "ಕೇಳಾಕ ಹೋದ್ರ ಹೇಳಬೇಕಾಗತೈತಿ. ಏನಂತ ಹೇಳ್ತಿ?"

ನಾನು ಬಗ್ಗಿ ಸೈಕಲ್ಲಿನ ಸೀಟಿನ ಧೂಳು ಒರೆಸಿದೆ.

ನಮ್ಮ ಸಾಲಿಯ ಮಾಸ್ತರರು, ನಿಪ್ಪಾಣಿಯ ತಂಬಾಕು ವಖಾರಿಯ ಕೆಲವರು, ಎಲ್ಲ ಸೇರಿ ಹದಿನಾಲ್ಕು ಸೈಕಲ್. ಹೆಂಗಸೆಂದರೆ ನಾನೊಬ್ಬಳೇ. ನಿಪ್ಪಾಣಿ ಬಿಡುವಾಗ ಊರೆಲ್ಲ ಮಂಜಿನಲ್ಲಿತ್ತು. ಮುಂದಿನವರ ಬೆನ್ನು ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಕೊಯ್ದ ಕಡೆಯ ಎಡಗೈ ಬಾತು ಭಾರವಾಗಿತ್ತು. ಆದರೂ ಇಳಿಜಾರಿನಲ್ಲಿ ಗಾಳಿ ಸೀರೆಯೊಳಗೆ ತುಂಬಿದಾಗ ನನ್ನ ತೂಕವನ್ನು ಬೇರೆ ಯಾರೋ ಹೊತ್ತಂತೆ ಅನಿಸಿತು.

ಚಿಕ್ಕೋಡಿ, ರಾಯಬಾಗದಲ್ಲಿ ನಮ್ಮ ಹೆಡ್ ಮಾಸ್ತರರೇ ಮಾತಾಡಿದರು. "ಬಡ ರೋಗಿಗಳ ಸಹಾಯಕ್ಕಾಗಿ" ಎಂದರು. ಹಾಸಿದ ಪಂಜೆಯೊಳಗೆ ಜನ ಕೈಲಾದಷ್ಟು ಹಾಕಿದರು. ನಾನು ಹಿಂದೆ ನಿಂತಿರುತ್ತಿದ್ದೆ. ಕೃಷ್ಣಾ ದಾಟಿ ಅಥಣಿಗೆ ಬಂದೆವು. ಮಾಸ್ತರರೊಬ್ಬರ ಊರೆಂದು ಹಾದಿ ಬಿಟ್ಟು ಐಗಳಿ ಎಂಬ ಹಳ್ಳಿಗೂ ಹೋದೆವು. ಅಷ್ಟೊತ್ತಿಗೆ ಹೆಡ್ ಮಾಸ್ತರರ ದನಿ ಪೂರಾ ಬಿದ್ದುಹೋಗಿತ್ತು. ಕಟ್ಟೆಯ ಮೇಲೆ ನಿಂತು ಗಂಟಲು ಮುಟ್ಟಿಕೊಂಡು ನನ್ನ ಕಡೆ ನೋಡಿದರು.

ಕಟ್ಟೆ ಹತ್ತಿದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಎದುರಿನ ಮುಖಗಳು ನೀರಿನೊಳಗೆ ಇದ್ದಂತೆ ಕಂಡವು.

"ನನಗ ಕ್ಯಾನ್ಸರ್ ಆಗಿತ್ತು," ಎಂದೆ. "ಎದಿ ಕೊಯ್ದಾರ. ಈಗ ಆರಾಮ ಅದೀನಿ. ನಿಪ್ಪಾಣಿಯಿಂದ ಸೈಕಲ್ ಹೊಡಕೊಂತ ಬಂದೀನಿ."

ಮುಂದೆ ಏನು ಹೇಳಿದೆನೋ ನೆನಪಿಲ್ಲ. ಇಳಿದು ನೀರು ಕುಡಿಯುತ್ತಿದ್ದಾಗ ಕುರಿ ಕಾಯುವ ಮುದುಕಿಯೊಬ್ಬಳು ಬಂದು ನನ್ನ ರಟ್ಟೆ ಹಿಡಿದು ಗೋಡೆಯ ಮರೆಗೆ ಕರೆದೊಯ್ದಳು. ಕಂಬಳಿ ಸರಿಸಿ ನನ್ನ ಬೆರಳನ್ನು ತನ್ನ ಎದೆಗೆ ಒತ್ತಿಕೊಂಡಳು. ಹುಣಸೆ ಬೀಜದಷ್ಟು ಗಟ್ಟಿ ಗಂಟು.

"ಎಷ್ಟು ದಿನ ಆತು, ಆಯಿ?"

"ಮಳಿಗಾಲದಿಂದ ಐತಿ."

"ಯಾರಿಗರ ಹೇಳಿಯೇನು?"

"ಏನಂತ ಹೇಳ್ಲೆವ್ವಾ? ಇದಕ್ಕೊಂದು ಹೆಸರು ಐತಿ ಅಂತ ಇವತ್ತ ಕೇಳಿದ್ನಿ." ಕಂಬಳಿ ಎಳೆದುಕೊಂಡು, "ಕೊಯ್ದಾಗ ಭಾಳ ನೂಸ್ತೇನು?" ಎಂದಳು.

"ನೂಸ್ತು. ಆಮ್ಯಾಲೆ ಹೋತು."

ಅವಳು ತಲೆಯಾಡಿಸಿದಳು. ಎಮ್ಮೆ ಕೊಳ್ಳುವಾಗ ಹಲ್ಲು ನೋಡುವವರಂತೆ ನನ್ನ ಮುಖ ನೋಡಿದಳು.

ಅಲ್ಲಿಂದ ಮುಂದೆ ಎಲ್ಲ ಊರಲ್ಲೂ ನಾನೇ ಮಾತಾಡಿದೆ. ಶಿರಗುಪ್ಪಿಯಲ್ಲಿ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಇಬ್ಬರು, ಕಡೆಗೆ ಕಾಗವಾಡದಲ್ಲಿ ಒಬ್ಬಳು, ಹೀಗೆಯೇ ರಟ್ಟೆ ಹಿಡಿದರು. ಇಬ್ಬರದು ಏನೂ ಅಲ್ಲದ ಗಂಟು ಎಂದು ಆಮೇಲೆ ತಿಳಿಯಿತು. ಶಿರಗುಪ್ಪಿಯ ಚಿಕ್ಕ ವಯಸ್ಸಿನವಳೊಬ್ಬಳು ತಡವಾಗಿ ಬಂದಳು, ಉಳಿಯಲಿಲ್ಲ.

ಕೂಡಿದ ಹಣಕ್ಕೆ ಮಿರಜದ ದವಾಖಾನೆಯ ಹಿಂದಿನ ಗಲ್ಲಿಯಲ್ಲಿ ಖೋಲಿ ಸಿಕ್ಕಿತು. ಅದರಲ್ಲಿ ಮೊದಲು ಉಳಿದವಳು ಐಗಳಿಯ ಆ ಮುದುಕಿಯೇ. ಗಂಟು ಬೇಗ ಸಿಕ್ಕಿದ್ದು ಪುಣ್ಯ ಎಂದರು ಡಾಕ್ಟರು. ಅವಳಿಗೆ ಮಿರಜದ ಹಾಲು ಸೇರಲಿಲ್ಲ, ಚಹಾ ಸೇರಲಿಲ್ಲ. ಶೇಕ ಮುಗಿದ ಮರುದಿನವೇ ಬಟ್ಟೆಬರೆ ಗಂಟು ಕಟ್ಟಿದಳು. ಇನ್ನೆರಡು ದಿನ ಇರು ಎಂದೆ.

"ಉಣ್ಣೆ ಕತ್ತರಿಸೂ ವ್ಯಾಳೆ ಆತು," ಎಂದಳು. "ಕುರಿಗೆ ಸೆಕಿ ತಡ್ಯಾಂಗಿಲ್ಲ."

ಬಸ್ಸು ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲೇ ಕೂತಳು. ಬಸ್ಸು ಹೊರಳಿದರೂ ನನ್ನ ಕಡೆ ನೋಡಲಿಲ್ಲ. ಆಗಲೇ ಪಕ್ಕದವಳ ಹತ್ತಿರ ಏನೋ ಮಾತು ಶುರುಮಾಡಿದ್ದಳು.