ಕತ್ತಿಗೆ ಕತ್ತು ಕೊಟ್ಟವನು

ಆ ದಿನ ನಾನು ಹುಡುಗರ ಹೊದಿಕೆಗಳನ್ನು ಹಿಂಡಿ ಹರವುತ್ತಿದ್ದೆ. ತಪ್ಪು ಮಾಡಿದ ಹುಡುಗರನ್ನು ಇಟ್ಟುಕೊಳ್ಳುವ ಜಾಗ ಅದು. ಹೆಸರಿಗೆ ಮನೆ, ಬೀಗ ಮಾತ್ರ ಹೊರಗಡೆಯಿಂದ. ಕ್ಷೌರ ಕಲಿಸಲು ಯಾರೋ ಒಬ್ಬ ಬರುತ್ತಾನಂತೆ, ಹುಡುಗರ ಕೈಗೇ ಕತ್ತಿ ಕೊಡುತ್ತಾನಂತೆ ಎಂದು ಗೇಟಿನ ಕಾವಲುಗಾರ ಸುದ್ದಿ ತಂದ.

"ಕತ್ತಿ ಹಿಡ್ದು ಒಳಗೆ ಬಂದೋರಿಗೆ ಮತ್ತೆ ಕತ್ತೀನಾ? ಇನ್ನು ನಮ್ಮ ಕತ್ತು ನಾವೇ ನೋಡ್ಕೋಬೇಕು ಅಕ್ಕ."

ಬಂದವನು ನನ್ನ ಭುಜದಷ್ಟೇ ಎತ್ತರದ ಮನುಷ್ಯ. ತನ್ನ ಕ್ಷೌರದ ಅಂಗಡಿಯನ್ನು ಅಳಿಯನಿಗೆ ಬಿಟ್ಟು ಬಂದಿದ್ದ. ಹುಡುಗರು ಕತ್ತರಿ ಮಾವ ಎಂದು ಹೆಸರಿಟ್ಟರು. ಮೊದಮೊದಲು ಬಲೂನಿಗೆ ನೊರೆ ಹಚ್ಚಿ, ಒಡೆಯದ ಹಾಗೆ ಬೋಳಿಸುವುದನ್ನು ಕಲಿಸಿದ. ಬಲೂನು ಢಬ್ ಎಂದಾಗಲೆಲ್ಲ ಎಲ್ಲರಿಗೂ ನಗು. ಮೂಲೆಯಲ್ಲಿದ್ದ ಒಬ್ಬನಿಗೆ ಮಾತ್ರ ಇಲ್ಲ. ಚಿಕ್ಕಪ್ಪನಿಗೆ ಇರಿದು ಬಂದವನು ಅವನು. ಮಾತು ಬಿಟ್ಟಿದ್ದ, ಊಟಕ್ಕೆ ಕೂತರೆ ಚಮಚವೂ ಕೈಯಲ್ಲಿ ನಡುಗುತ್ತಿತ್ತು.

ಒಂದು ಹನಿ ರಕ್ತ ಬಿದ್ದರೂ ಈ ಪಾಠ ಬಂದ್ ಎಂದು ದೊಡ್ಡ ಸಾಹೇಬರು ಮೊದಲೇ ಹೇಳಿದ್ದರು. ಗೊತ್ತಿದ್ದೂ ಒಂದು ಬೆಳಿಗ್ಗೆ ಮಾವ ತಾನೇ ಕುರ್ಚಿಯಲ್ಲಿ ಕೂತು, ಕತ್ತು ಹಿಂದಕ್ಕೆ ಚಾಚಿ, ಕತ್ತಿಯನ್ನು ಆ ಹುಡುಗನ ಕೈಗೇ ಕೊಟ್ಟ. ನಾನು ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲೇ ಕಂಬವಾದೆ.

ಕತ್ತಿ ಗಂಟಲ ಹತ್ತಿರ ಹೋಗುವುದು, ನಡುಗಿ ಹಿಂದೆ ಬರುವುದು. ಅಷ್ಟರಲ್ಲಿ ಗೊರ್ ಎಂದು ಸದ್ದು. ಮಾವ ನಿದ್ದೆ ಹೋಗಿದ್ದ. ನನ್ನ ಯಜಮಾನರು, ಪುಣ್ಯಾತ್ಮರು, ಪಕ್ಕದಲ್ಲಿ ನಾನೇ ಮಲಗಿದ್ದರೂ ಪರ್ಸನ್ನು ದಿಂಬಿನಡಿ ಇಟ್ಟೇ ಕಣ್ಣು ಮುಚ್ಚುತ್ತಿದ್ದರು. ಇವನೋ, ಇರಿದವನ ಕೈಗೆ ಕತ್ತು ಕೊಟ್ಟು ಗೊರಕೆ ಹೊಡೆಯುತ್ತಿದ್ದಾನೆ.

ಹುಡುಗ ಗೊರಕೆ ಏರಿದಾಗ ಕೈ ತಡೆದ, ಇಳಿದಾಗ ಎಳೆದ. ನಡುಕ ಯಾವಾಗ ನಿಂತಿತೋ ನನಗೆ ತಿಳಿಯಲೇ ಇಲ್ಲ. ರಕ್ತದ ಸುಳಿವಿಲ್ಲ. ಒರೆಸುವ ಬಟ್ಟೆ ಕೊಡಲು ಹೋದೆ. ಆಗ ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು:

"ಅಜ್ಜೀ, ಮೆಲ್ಲಗೆ. ಮಾವ ಮಲ್ಗಿದಾರೆ."

ಬಿಡುಗಡೆಯಾದ ಮೇಲೆ ಅವನು ಮಾವನ ಅಂಗಡಿಯಲ್ಲೇ ನಿಂತ. ಮಾವ ಹಾಸಿಗೆ ಹಿಡಿದಾಗ ಒಳಗಿನ ಹುಡುಗರಿಗೆ ಕಲಿಸಲೂ ಅವನೇ ಬರತೊಡಗಿದ. ನೋಡಲು ಹೋದವಳು, ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಮಾವನಿಗೆ ಕೇಳಿಯೇಬಿಟ್ಟೆ: ಆವತ್ತು ನಿಜವಾಗಿ ನಿದ್ದೆ ಬಂದಿತ್ತಾ?

"ಎಲ್ಲಿಯ ನಿದ್ದೆ ಅಕ್ಕ? ಜೀವ ಬಾಯಿಗೆ ಬಂದಿತ್ತು. ಗೊರಕೆ ಹೊಡೀದೇ ಇದ್ದಿದ್ರೆ ಹಲ್ಲು ಕಟಕಟ ಅಂದಿರೋದು."

ಮಾವ ನನ್ನ ಕೈ ಹಿಡಿದುಕೊಂಡ.

"ಹುಡುಗ ಚೆನ್ನಾಗಿ ಕಲಿಸ್ತಾನೆ. ಆದ್ರೆ ಹೊಸಬರು ಬಂದಾಗ ಕತ್ತು ಕೊಡೋರು ಬೇಕಲ್ಲ. ನೀವು ಕೂತ್ಕೊಳ್ಳಿ ಅಕ್ಕ, ಬಲೂನಿಗೇನು ಗಡ್ಡ ಇತ್ತಾ? ಗೊರಕೆ ಹೊಡೆಯೋಕೆ ಬರುತ್ತೆ ತಾನೆ?"