ದೊಡ್ಡಿ ಹೊಲದ ಮೊದಲ ಗೊಂಚಲು

ಗಲಗಲಿಯ ಹತ್ತಿರ, ಹೊಳೆಯ ನೀರು ಹೊಲಗಳಿಗೆ ಬಂದ ಮೇಲೆ ಕೆಳಗಿನ ನೆಲವೆಲ್ಲ ಕಬ್ಬಾಯಿತು. ನಮ್ಮದು ಮಾತ್ರ ಮೇಲೆ, ಕಲ್ಲು ತುಂಬಿದ ಏರಿನಲ್ಲಿ ಉಳಿಯಿತು. ನಮ್ಮತ್ತೆ ಮದುವೆಯಾಗಿ ಬಂದಾಗ ಅಲ್ಲಿ ಕುರಿ ಹಟ್ಟಿ ಹಾಕುತ್ತಿದ್ದರಂತೆ. ಅದಕ್ಕೇ ಅದು ದೊಡ್ಡಿ ಹೊಲ. ದ್ರಾಕ್ಷಿ ಹಾಕಿದ ಮೇಲೂ ಆ ಹೆಸರು ಹೋಗಲಿಲ್ಲ.

ಮೊದಲು ಹಾಕಿದ್ದು ತಿನ್ನುವ ದ್ರಾಕ್ಷಿ. ಆಮೇಲೆ ವೈನ್ ಮಾಡುವ ಕಂಪನಿಯವರು ಬಂದು ಬೇರೆ ಬಳ್ಳಿ ಹಾಕಿಸಿದರು. ಹಣ್ಣು ಸಣ್ಣದು, ಕಪ್ಪು, ಸಿಪ್ಪೆ ದಪ್ಪ, ಒಳಗೆ ಬೀಜ. ಮೊದಲ ಫಸಲಿನ ರುಚಿ ನೋಡಿ ಅವರು ಅಂದದ್ದು, ಈ ಹಣ್ಣನ್ನು ಬೇರೆ ಯಾವ ತೋಟದ್ದರ ಜೊತೆಗೂ ಬೆರೆಸುವುದಿಲ್ಲ, ಈ ಒಂದೇ ಹೊಲದ ಕೆಂಪು ವೈನ್ ಬೇರೆಯಾಗಿಯೇ ಮಾಡುತ್ತೇವೆ ಎಂದು. ಮುಂದೆ ಒಂದು ಬಾಟಲಿ ಮನೆಗೆ ಬಂತು. ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ದೊಡ್ಡಿ ಹೊಲ ಎಂದಿತ್ತು. ಯಾವುದು ದೊಡ್ಡಿ, ಯಾವುದು ಹೊಲ ಎಂದು ಅತ್ತೆ ನನ್ನಿಂದ ತೋರಿಸಿಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಕುರಿ ಹಿಕ್ಕಿ ಬಿದ್ದ ಜಾಗಾ ನೋಡಬೇ ಇದು. ಎಲ್ಲಿಗೆ ಹೋಗಿ ಕುಂತೈತಿ" ಎಂದು ನಕ್ಕರು. ಬಾಟಲಿಯ ಮುಚ್ಚಳ ಯಾರೂ ತೆಗೆಯಲಿಲ್ಲ. ಹಾಸಿಗೆ ಇಡುವ ಕಪಾಟಿನಲ್ಲಿ, ಕಂಬಳಿಯ ನಡುವೆ ಇಟ್ಟರು.

ನಮ್ಮ ಮನೆಯಲ್ಲಿ ಯಾವ ಬೆಳೆಯಾದರೂ ಮೊದಲದ್ದು ಬೀರೇಶ್ವರನ ಗುಡಿಗೆ ಹೋಗಬೇಕು. ಅಲ್ಲಿ ಅದಕ್ಕೆ ಭಂಡಾರ ಹಚ್ಚುತ್ತಾರೆ, ಆ ಅರಿಶಿನದ ಪುಡಿಯನ್ನೇ ಒಂದು ಚಿಟಿಕೆ ತಂದು ಹೊಲಕ್ಕೆ ಹಾಕುತ್ತೇವೆ. ಆಮೇಲೆಯೇ ಕೊಯ್ಲು. ಮಾವ ತೀರಿದ ಮೇಲೂ ಅತ್ತೆ ಒಂದು ಫಸಲಿಗೂ ಇದನ್ನು ತಪ್ಪಿಸಿರಲಿಲ್ಲ.

ಬಾಟಲಿಯ ಸುದ್ದಿ ಊರಿಗೆಲ್ಲ ಹರಡಿದ ಮೇಲಿನ ಫಸಲು ಅದು. ಸೋಮವಾರ ಬೆಳಿಗ್ಗೆ ಬುಟ್ಟಿಗೆ ಬಳ್ಳಿಯ ಎಲೆ ಹಾಸಿ, ಮೇಲೆ ಗೊಂಚಲು ಇಟ್ಟುಕೊಂಡು ಇಬ್ಬರೂ ಹೋದೆವು. ಗುಡಿಯ ಹಿರಿಯರು ನಾಲ್ಕಾರು ಮಂದಿಯ ಜೊತೆ ಕಟ್ಟೆಯ ಮೇಲೆ ಕೂತಿದ್ದರು. ಸಂಬಂಧದಲ್ಲಿ ಅತ್ತೆಗೆ ಮೈದುನ, ಅತ್ತಿಗೆ ಎಂಬುದಕ್ಕೆ ವೈನಿ ಎನ್ನುವವರು; ನನಗೆ ಕಾಕಾ.

"ವೈನಿ, ಬುಟ್ಟಿ ಹೊರಗs ಇಡ್ರಿ" ಎಂದರು.

"ಯಾಕಪಾ?"

"ಸೆರೇದ ಹಣ್ಣು ಅದು. ಒಳಗ ಬರಂಗಿಲ್ಲ."

"ಹಣ್ಣು ಹಣ್ಣs ಐತಿ. ಒಂದು ಬಾಯಾಗ ಹಾಕ್ಕೊಂಡು ನೋಡು, ನಿಶಾ ಏರತೈತೇನು?"

ಕೂತವರು ನಕ್ಕರು. ಹಿರಿಯರು ನಗಲಿಲ್ಲ.

ನಾನು ದನಿ ಎತ್ತಿ ಮಾತನಾಡಿದವಳಲ್ಲ. ನಾನು ಕಲಿತ ಕಾನ್ವೆಂಟಿನ ಸಿಸ್ಟರುಗಳು ಹಾಗೆ ಬೆಳೆಸಿದ್ದರು. ಅಲ್ಲಿಯ ಪ್ರಾರ್ಥನಾ ಮಂದಿರದಲ್ಲಿ ಪಾದ್ರಿಗಳು ದೇವರ ಮುಂದೆಯೇ ದ್ರಾಕ್ಷಾರಸದ ಬಟ್ಟಲು ಎತ್ತುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ, ಆದರೆ ಆ ಮಾತು ಇಲ್ಲಿ ನಡೆಯುವಂಥದ್ದಲ್ಲ. ನನ್ನ ಕಣ್ಣು ಹೋದದ್ದು ಬಾಗಿಲಿನ ಮೇಲೆ. ಎರಡೂ ಕಡೆ ಹಸಿ ಕಬ್ಬು ಕಟ್ಟಿದ್ದರು, ಗರಿಯ ತುದಿ ಇನ್ನೂ ಬಾಡಿರಲಿಲ್ಲ.

"ಕಾಕಾರ, ಕಬ್ಬು ಬಂದೈತಲ್ರಿ ಮತ್ತ" ಎಂದೆ.

"ಕಬ್ಬಿಗೇನಾತು?"

"ಕಾರ್ಖಾನ್ಯಾಗ ಸಕ್ರಿ ತಗದ ಮ್ಯಾಲ ಕಾಕಂಬಿ ಉಳಿತೈತಿ. ಅದು ಏನಾಕ್ಕೈತ್ರಿ?"

ಅದು ಸಾರಾಯಿಯ ಸ್ಪಿರಿಟ್ ಆಗುತ್ತದೆ ಎಂಬುದು ಮುಧೋಳ, ಜಮಖಂಡಿ ಕಡೆಯ ಎಲ್ಲರಿಗೂ ಗೊತ್ತು. ಗಾಳಿ ತಿರುಗಿದರೆ ವಾಸನೆಯೇ ಬಂದು ಹೇಳುತ್ತದೆ.

ಹಿಂದಿನಿಂದ ಯಾರೋ, "ಇಂಗ್ಲಿಷ್ ಸಾಲಿ ಕಲತಾಕಿ, ವಕೀಲಕಿ ಮಾಡಾಕತ್ತಾಳ" ಎಂದರು.

ಹಿರಿಯರು ಅಡಿಕೆಯನ್ನು ದವಡೆಗೆ ಸರಿಸಿದರು. "ನಮ್ಮ ಕಬ್ಬು ಎಲ್ಲಾರ ಕಬ್ಬಿನ್ಯಾಗ ಕೂಡತೈತಿ ತಂಗಿ. ಯಾರದು ಸಕ್ರಿ ಆತು, ಯಾರದು ಮತ್ತೊಂದಾತು, ಯಾರಿಗೆ ಗೊತ್ತು? ನಿಮ್ಮ ಬಾಟ್ಲಿ ಮ್ಯಾಲ ಹೊಲದ ಹೆಸರs ಬರದಾರ."

ನಮ್ಮ ತಪ್ಪು ಇಷ್ಟೇ, ನಮ್ಮದು ಯಾರದರ ಜೊತೆಗೂ ಬೆರೆಯದೆ ನಮ್ಮದೆಂದು ಗೊತ್ತಾಗುತ್ತದೆ. ಟ್ರ್ಯಾಕ್ಟರ್‌ಗಟ್ಟಲೆ ಬೆರೆಸಿ ಕಳಿಸಿದವರು ಕಟ್ಟೆಯ ಮೇಲೆ ಕೂತು ಮಡಿ ಹೇಳಬಹುದು. ಅದೇ ಕಟ್ಟೆಯ ಮೇಲಿನ ಅರ್ಧ ಜನ ಸಂಜೆಯಾದರೆ ಧಾಬಾದ ಹಿಂದಿನ ಕುರ್ಚಿಗಳಲ್ಲಿ ಇರುತ್ತಾರೆ. ಅದೂ ಎಲ್ಲರಿಗೂ ಗೊತ್ತು.

ಅತ್ತೆ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡರು. ಮನೆಗೆ ಬಂದು ನನ್ನ ಗಂಡನಿಗೆ, "ಭಂಡಾರ ಹಚ್ಚೂತನಕ ಒಂದು ಗೊನಿಗೂ ಕತ್ತರಿ ಹಾಕಬ್ಯಾಡ" ಎಂದರು.

"ಅವ್ವಾ, ನಾಳೆ ಗಾಡಿ ಬರತೈತಿ. ಒಂದೆರಡು ದಿನ ತಡಾ ಆದ್ರ ಹಣ್ಣು ಕೆಡತಾವ. ಕಂಪನಿಯವ್ರು ಒಲ್ಲೆ ಅಂತಾರ."

"ದೇವ್ರು ಒಲ್ಲೆ ಅಂದದ್ದನ್ನ ಕಂಪನಿಗೆ ಹೆಂಗ ಕೊಡ್ಲಿ?" ಎಂದು ಒಳಗೆ ಹೋದರು. ಅಂದು ಅವರು ಊಟ ಮಾಡಲಿಲ್ಲ. ಅವರು ಹಾಗೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಅದೇ ಹಿರಿಯರು. ಕೈಯಲ್ಲಿ ಮಡಿಚಿದ ಬಟ್ಟೆಯ ಚೀಲ.

"ವೈನಿ, ರಬಕವಿಯಿಂದ ಬೀಗರು ಬರಾಕತ್ತಾರ. ಪೇಟ್ಯಾಗ ಎಲ್ಲೂ ಸಿಗವಲ್ದು ಅದು. ನಿಮ್ಮ ಬಾಟ್ಲಿ ಐತೇನು?"

ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ಹಿಡಿದ ದೀಪವನ್ನು ಅವರ ಮುಖದ ಹತ್ತಿರ ಎತ್ತಿದೆ.

ಅತ್ತೆ ಎದ್ದು ಬಂದರು. "ಐತಿ. ನಾಳೆ ಬುಟ್ಟಿ ಒಳಗ ಒಯ್ಯಿ. ಗುಡಿ ಮುಂದs ಕೊಡ್ತೇನಿ, ಎಲ್ಲಾರೂ ನೋಡ್ಲಿ."

"ಹಂಗ ಆಗಂಗಿಲ್ರಿ." ಹಿರಿಯರ ದನಿ ಸಣ್ಣದಾಯಿತು. "ಒಂದು ಕೆಲಸಾ ಮಾಡ್ರಿ. ಮ್ಯಾಲ ಬಾಳಿಹಣ್ಣು ಮುಚ್ಚಿ ತರ್ರಿ. ನಾ ನೋಡಿಲ್ಲ ಅಂತೇನಿ."

"ನನ್ನ ಹೊಲದ್ದು ಕಳವಿನ ಮಾಲೇನೋ, ಮುಚ್ಚಿ ತರಾಕ?" ಎಂದರು ಅತ್ತೆ. "ಹೋಗು. ಮುಂದಿನ ಬಾಗ್ಲಾಗ ಹಾದು ಹೋಗು, ಹಿತ್ತಲಾಗ ಕತ್ತಲೈತಿ."

ಅವರು ಚೀಲ ಕಂಕುಳಲ್ಲಿ ಇಟ್ಟುಕೊಂಡು, ನಮ್ಮ ಅಂಗಳದಲ್ಲಿ ಕೂತಿದ್ದ ಕೊಯ್ಲಿನ ಹೆಣ್ಣುಮಕ್ಕಳ ನಡುವೆಯೇ ಹಾದು ಹೋದರು.

ಮರುದಿನ ಗಾಡಿ ಬಂದು ನಿಂತಿತು. ಅತ್ತೆ ಮನೆಯ ದೇವರ ಜಗಲಿಯ ಮೇಲಿನ ಭಂಡಾರದ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಹೊಲಕ್ಕೆ ಬಂದರು. ಹೆಂಗಸು ತನ್ನ ಕೈಯಾರೆ ಬೆಳೆಗೆ ಭಂಡಾರ ಹಚ್ಚಿದ್ದು ನಮ್ಮ ಮನೆತನದಲ್ಲಿ ಇಲ್ಲ. ಗಂಡ ಏನೋ ಹೇಳಲು ಬಾಯಿ ತೆರೆದರು. ನಾನು ಅವರ ತೋಳು ಹಿಡಿದೆ. ಅತ್ತೆ ಮೊದಲ ಬಳ್ಳಿಯ ಗೊಂಚಲಿಗೆ ಹಚ್ಚಿದರು, ಎರಡನೆಯದಕ್ಕೂ, ಆ ಸಾಲು ಮುಗಿಯುವ ತನಕ ಒಂದೊಂದಕ್ಕೂ. ಕಪ್ಪು ಹಣ್ಣಿನ ಮೇಲೆ ಹಳದಿ ಬೆರಳಚ್ಚುಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

"ಹಿಂಗ ಅರಿಶಿನ ಹತ್ತಿದ್ದನ್ನ ತಗೋಳಂಗಿಲ್ರಿ" ಎಂದ ಕಂಪನಿಯವನು.

"ಈ ಸಾಲು ನಿಮಗಲ್ಲ" ಎಂದರು ಅತ್ತೆ. "ಇದು ದೇವ್ರದು. ಉಳಿದದ್ದು ಕೊಯ್ರಿ."